ಎಂಟು ದಿನದ ಅಂತರ: ಒಂದು ಹಳೆ ಮಿಲಿಟರಿ ಜಾಕೆಟ್ಟಿನ ಪ್ರಕರಣ

ನಾನಿರುವುದು ಅಮೆರಿಕದ ಓಹಿಯೋದಲ್ಲಿ. ವಾರದ ದಿನ ಸಾಫ್ಟ್‌ವೇರ್ ಕೆಲಸ. ಶನಿವಾರ ನಮ್ಮ ಕೌಂಟಿಯ ಒಂದು ಸಣ್ಣ ಮ್ಯೂಸಿಯಂನಲ್ಲಿ ಬಿಟ್ಟಿ ಚಾಕರಿ. ಮಗಳ ಶಾಲೆಯಲ್ಲಿ ಇಂತಿಷ್ಟು ಗಂಟೆ ಸಮಾಜಸೇವೆ ಮಾಡಬೇಕು ಅಂತ ನಿಯಮ ಇತ್ತು. ಅವಳನ್ನು ಬಿಡೋಕೆ ಹೋದವನು ನಾನೇ ಅಲ್ಲಿ ಉಳಿದುಕೊಂಡೆ. ಅವಳು ಕಾಲೇಜಿಗೆ ಹೋಗಿ ಎಷ್ಟೋ ದಿನವಾಯಿತು, ನಾನಿನ್ನೂ ಅಲ್ಲೇ ಇದ್ದೇನೆ.

ಅಲ್ಲಿ ನಡೆದ ಒಂದು ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬರೆದಿಡುತ್ತಿದ್ದೇನೆ. ಕುಟುಂಬದ ಹೆಸರು, ಊರು, ಸೈನಿಕನ ಕಂಪನಿಯ ಸಂಖ್ಯೆ ಯಾವುದೂ ಇದರಲ್ಲಿಲ್ಲ. ಎಡವಿದ್ದು ಹೆಚ್ಚಾಗಿ ನಾನೇ. ಹಾಗಾಗಿ ಅದನ್ನು ಮುಚ್ಚಿಡುವ ಪ್ರಶ್ನೆ ಇಲ್ಲ.

ಜಾಕೆಟ್ ಬಂದದ್ದು

2022ರ ಸೆಪ್ಟೆಂಬರ್. ಎಂಬತ್ತು ವರ್ಷದ ಒಬ್ಬ ಅಜ್ಜಿ, ಜೊತೆಗೆ ಮೂವತ್ತರ ಆಸುಪಾಸಿನ ಮೊಮ್ಮಗ. ಡ್ರೈಕ್ಲೀನಿಂಗ್ ಕವರಿನಲ್ಲಿ ಒಂದು ಗಿಡ್ಡ ಉಣ್ಣೆ ಜಾಕೆಟ್ ತಂದರು. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ಸಿಪಾಯಿಗಳು ಹಾಕುತ್ತಿದ್ದ, ಸೊಂಟದವರೆಗೆ ಮಾತ್ರ ಬರುವ, 'ಐಕ್ ಜಾಕೆಟ್' ಅನ್ನುವ ನಮೂನೆ. ಜನರಲ್ ಐಸೆನ್‌ಹೋವರ್ ಅವರ ಅಡ್ಡಹೆಸರಿನಿಂದ ಬಂದ ಹೆಸರು.

ಅದು ಅಜ್ಜಿಯ ಅಪ್ಪನ ಜಾಕೆಟ್. ಮೊಮ್ಮಗನಿಗೆ ಮುತ್ತಾತ. ಮನೆಯಲ್ಲಿ ಬಂದ ಕಥೆ ಹೀಗಿತ್ತು: 1941ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾದ ಮರುದಿನವೇ ಮುತ್ತಾತ ತಾನಾಗಿ ಹೋಗಿ ಸೇನೆ ಸೇರಿದರು. ಯೂರೋಪಿನಲ್ಲಿ ಜನರಲ್ ಪ್ಯಾಟನ್ ಕೈಕೆಳಗೆ ಹೋರಾಡಿದರು. ಪ್ಯಾಟನ್ ಸ್ವತಃ ಎದೆಗೆ ಬ್ರಾಂಜ್ ಸ್ಟಾರ್ ಪದಕ ಚುಚ್ಚಿದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ "ನಮ್ಮ ತಾತ ಗಾಂಧೀಜಿ ಜೊತೆ ನಡೆದಿದ್ದರು" ಅನ್ನುವ ಮಾತು ಇರುತ್ತದಲ್ಲ, ಆ ಜಾತಿಯ ಕಥೆ. ಪೂರ್ತಿ ಸುಳ್ಳಿರುವುದಿಲ್ಲ. ಆದರೆ ಹೇಳಿ ಹೇಳಿ ಅಂಚು ಸವೆದು ನುಣ್ಣಗಾಗಿರುತ್ತದೆ.

ಮೊಮ್ಮಗ ಬಹಳ ಖಚಿತವಾಗಿದ್ದ. ಎಡ ತೋಳಿನ ಪ್ಯಾಚ್ ತೋರಿಸಿದ. ನೀಲಿ ವೃತ್ತ, ಅದರೊಳಗೆ ಕೆಂಪು ಬಳೆ, ಬಳೆಯ ನಡುವೆ ಬಿಳಿ 'ಎ' ಅಕ್ಷರ. "ಇದು ಮೂರನೇ ಸೇನೆ. ಪ್ಯಾಟನ್‌ದೇ ಅಲ್ವಾ?" ಅಂದ. ಹೌದು, ಅದು ಮೂರನೇ ಸೇನೆಯ ಚಿಹ್ನೆಯೇ. ಕೆಂಪು ಬಳೆ ಅಂದರೆ 'ಓ' ಅಕ್ಷರ. 'ಆರ್ಮಿ ಆಫ್ ಆಕ್ಯುಪೇಷನ್' ಅನ್ನುವುದರ ಮೊದಲಕ್ಷರಗಳು, ಅಂದರೆ ಗೆದ್ದ ನೆಲದಲ್ಲಿ ಕಾವಲು ಕೂತ ಸೇನೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ರೈನ್ ದಂಡೆಯಲ್ಲಿ ಈ ಸೇನೆ ಬೀಡು ಬಿಟ್ಟಿತ್ತು. ಆಗ ಬಂದ ಗುರುತು ಇದು. ಈ ಅರ್ಥವನ್ನು ಅವತ್ತೇ ಸ್ವಲ್ಪ ಗಮನಿಸಿದ್ದರೆ ಮುಂದಿನ ಪೇಚು ತಪ್ಪುತ್ತಿತ್ತು.

ಎದೆಯ ರಿಬ್ಬನ್ ಸಾಲಿನಲ್ಲಿ, ಒಂದರ ಮೇಲೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಂಚಿನ ನಕ್ಷತ್ರ. "ಇದೇ ಬ್ರಾಂಜ್ ಸ್ಟಾರ್" ಅಂದ ಮೊಮ್ಮಗ. ಅದರ ಮೇಲುಗಡೆ ನೀಲಿ ಪಟ್ಟಿಯಲ್ಲಿ ಒಂದು ಉದ್ದ ಬಂದೂಕು, ಸುತ್ತ ಎಲೆಗಳ ಮಾಲೆ ಇರುವ ಬ್ಯಾಡ್ಜ್. ಬಲ ಎದೆಯ ಮೇಲೆ ಚಿನ್ನದ ಬಣ್ಣದ ದಾರದಲ್ಲಿ ಹದ್ದು. ಗೌರವದಿಂದ ಸೇವೆ ಮುಗಿಸಿದವರಿಗೆ ಕೊಡುತ್ತಿದ್ದ ಗುರುತು ಅದು. ಆ ಹದ್ದು ಅಷ್ಟೇನೂ ಗಂಭೀರವಾಗಿ ಕಾಣುವುದಿಲ್ಲ. ಸಿಪಾಯಿಗಳು ಅದಕ್ಕೆ ಹೊಟ್ಟೆ ಒಡೆದ ಬಾತುಕೋಳಿ ಅಂತ ಹೆಸರಿಟ್ಟಿದ್ದರು! ಎಡ ಮುಂಗೈ ಹತ್ತಿರ ಎರಡು ಚಿನ್ನದ ಗೀಟು. ಒಂದೊಂದು ಗೀಟು ಹೊರದೇಶದಲ್ಲಿ ಕಳೆದ ಆರು ತಿಂಗಳಿಗೆ.

ಮೊದಲ ಚೀಟಿ

ನವೆಂಬರ್ 11 ಇಲ್ಲಿ ಮಾಜಿ ಸೈನಿಕರ ದಿನ. ಮ್ಯೂಸಿಯಂನಲ್ಲಿ ಒಂದು ಸಣ್ಣ ಪ್ರದರ್ಶನ ಇಡುತ್ತೇವೆ. ಅಜ್ಜಿಗೆ ಅಷ್ಟರೊಳಗೆ ಅಪ್ಪನ ಜಾಕೆಟ್ಟು ಗಾಜಿನ ಪೆಟ್ಟಿಗೆಯಲ್ಲಿ ಕೂತದ್ದನ್ನು ನೋಡಬೇಕಿತ್ತು. ನನಗೂ ಅವಸರ. ಪ್ಯಾಚ್ ಹೊಂದಿದೆ, ಕಥೆ ಹೊಂದಿದೆ, ಇನ್ನೇನು ಬೇಕು? ಚೀಟಿ ಟೈಪ್ ಮಾಡಿಯೇಬಿಟ್ಟೆ: "ಜನರಲ್ ಪ್ಯಾಟನ್ ಅವರ ಮೂರನೇ ಸೇನೆಯಲ್ಲಿ ಹೋರಾಡಿದ ಸೈನಿಕನ ಜಾಕೆಟ್. ಬ್ರಾಂಜ್ ಸ್ಟಾರ್ ಪುರಸ್ಕೃತ." ಅಜ್ಜಿಗೆ ಫೋಟೋ ತೆಗೆದು ಕಳಿಸಿದೆ. ಅವರು ಅದನ್ನು ಚರ್ಚಿನ ಗೆಳತಿಯರಿಗೆಲ್ಲ ಕಳಿಸಿದರು.

ಈ ಪ್ರಕರಣದ ಮೊದಲ ತಿರುವು ಇದೇ. ಅವತ್ತು ಹಾಗನ್ನಿಸಿರಲಿಲ್ಲ. ಪರೀಕ್ಷೆ ಮಾಡುವ ಮೊದಲೇ ಮಾತು ಕೊಟ್ಟುಬಿಟ್ಟಿದ್ದೆ. ಆಮೇಲೆ ಸಿಕ್ಕ ಒಂದೊಂದು ಸತ್ಯವೂ ಅಜ್ಜಿಯ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಆಯಿತು.

ಸಾರ್ಜೆಂಟ್ ಕೇಳಿದ ಪ್ರಶ್ನೆ

ನಮ್ಮಲ್ಲಿ ಇನ್ನೊಬ್ಬ ಸ್ವಯಂಸೇವಕರಿದ್ದಾರೆ. ವಿಯೆಟ್ನಾಂ ಯುದ್ಧದಲ್ಲಿದ್ದ ನಿವೃತ್ತ ಸಾರ್ಜೆಂಟ್. ಮಾತು ಕಡಿಮೆ, ಕಾಫಿ ಜಾಸ್ತಿ. ಅವರು ಜಾಕೆಟ್ಟನ್ನು ನೋಡುತ್ತಾ ನಿಂತರು. ಚೀಟಿ ಓದಿದರು.

"ಈ ಮನುಷ್ಯ ಏನು ಕೆಲಸ ಮಾಡ್ತಿದ್ದ?" ಅಂದರು.

"ಲಾರಿ ಓಡಿಸ್ತಿದ್ದರಂತೆ. ಮನೆಯಲ್ಲಿ ಹಾಗೆ ಹೇಳ್ತಾರೆ" ಅಂದೆ. ಕಥೆಯ ಆ ಭಾಗಕ್ಕೆ ನಾನು ಗಮನವನ್ನೇ ಕೊಟ್ಟಿರಲಿಲ್ಲ.

"ಲಾರಿ ಡ್ರೈವರ್‌ಗೆ ಇದು ಎಲ್ಲಿಂದ ಬಂತು?" ಅಂತ ಆ ಬಂದೂಕಿನ ಬ್ಯಾಡ್ಜ್ ಮೇಲೆ ಬೆರಳಿಟ್ಟರು.

ಅದು ಕಂಬ್ಯಾಟ್ ಇನ್‌ಫಂಟ್ರಿಮನ್ ಬ್ಯಾಡ್ಜ್. 1943ರಲ್ಲಿ ಶುರುವಾದದ್ದು. ಕಾಲಾಳು ಪಡೆಯಲ್ಲಿದ್ದು, ಶತ್ರುವಿನ ಎದುರು ನಿಂತು ಕಾದಾಡಿದವನಿಗೆ ಮಾತ್ರ ಸಿಗುತ್ತಿತ್ತು. ತೋಪಿನವನಿಗಿಲ್ಲ, ಟ್ಯಾಂಕಿನವನಿಗಿಲ್ಲ, ಲಾರಿಯವನಿಗಂತೂ ಇಲ್ಲವೇ ಇಲ್ಲ. ಸಿಪಾಯಿಗಳ ನಡುವೆ ಪದಕಗಳಿಗಿಂತ ಇದಕ್ಕೆ ಬೆಲೆ ಹೆಚ್ಚು.

ಸಾರ್ಜೆಂಟ್ ಇನ್ನೂ ಒಂದು ಮಾತು ಹೇಳಿದರು. ರಿಬ್ಬನ್ ಮೇಲಿನ ಸಣ್ಣ ನಕ್ಷತ್ರ ಬ್ರಾಂಜ್ ಸ್ಟಾರ್ ಪದಕ ಅಲ್ಲ. ಪದಕಕ್ಕೆ ಅದರದ್ದೇ ಬೇರೆ ರಿಬ್ಬನ್ ಇದೆ, ಕೆಂಪು ಬಣ್ಣದ್ದು, ನಡುವೆ ನೀಲಿ ಗೀಟು. ಇಲ್ಲಿರುವುದು ಯೂರೋಪು, ಆಫ್ರಿಕಾ, ಮಧ್ಯಪ್ರಾಚ್ಯದ ರಣರಂಗದಲ್ಲಿದ್ದ ಎಲ್ಲರಿಗೂ ಕೊಟ್ಟ ರಿಬ್ಬನ್. ಅದರ ಮೇಲಿನ ನಕ್ಷತ್ರಕ್ಕೆ 'ಒಂದು ಕದನ ಅಭಿಯಾನದಲ್ಲಿ ಪಾಲುಗೊಂಡಿದ್ದಾನೆ' ಅಂತಷ್ಟೇ ಅರ್ಥ. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಎಷ್ಟೋ ಮನೆಗಳಲ್ಲಿ ಈ ಗೊಂದಲ ಇದೆ.

ಒಂದೇ ನಕ್ಷತ್ರ, ಅಂದರೆ ಒಂದೇ ಅಭಿಯಾನ. 1944ರ ಆಗಸ್ಟಿನಿಂದ ಪ್ಯಾಟನ್ ಜೊತೆ ಫ್ರಾನ್ಸ್ ದಾಟಿ ಜರ್ಮನಿ ಹೊಕ್ಕವನಾಗಿದ್ದರೆ ಮೂರು, ನಾಲ್ಕು ಇರಬೇಕಿತ್ತು.

ಚೀಟಿಯನ್ನು ತೆಗೆದು ಡ್ರಾಯರಿಗೆ ಹಾಕಿದೆ.

ಸುಟ್ಟ ಕಡತ, ಉಳಿದ ಹಾಳೆ

ಸೈನಿಕರ ಸೇವಾ ಕಡತಗಳು ಇರುವುದು ಸೇಂಟ್ ಲೂಯಿಸ್ ನಗರದ ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರ್‌ನಲ್ಲಿ. ಅಜ್ಜಿಯ ಸಹಿ ಹಾಕಿಸಿ ಅರ್ಜಿ ಕಳಿಸಿದೆವು. ಬಂದ ಉತ್ತರ ನಾವು ಹೆದರಿದ್ದ ಹಾಗೇ ಇತ್ತು. 1973ರ ಜುಲೈ 12ರಂದು ಆ ಕಟ್ಟಡದ ಆರನೇ ಮಹಡಿಗೆ ಬೆಂಕಿ ಬಿತ್ತು. ಸುಮಾರು 1.6ರಿಂದ 1.8 ಕೋಟಿ ಕಡತಗಳು ನಾಶವಾದವು. 1912ರಿಂದ 1960ರ ನಡುವೆ ಸೇವೆ ಮುಗಿಸಿದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಹೋದವು. ನಕಲು ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ. ನಮ್ಮವರ ಕಡತವೂ ಅದರಲ್ಲಿ ಹೋಗಿತ್ತು.

ಎಷ್ಟೋ ಕುಟುಂಬಗಳು ಇಲ್ಲಿಗೆ ಕೈಚೆಲ್ಲುತ್ತವೆ. ಪ್ಯಾಚ್ ನೋಡಿ ಕಥೆ ಕಟ್ಟಿಕೊಳ್ಳುವುದು ಶುರುವಾಗುವುದೂ ಇಲ್ಲಿಂದಲೇ. ಕಾಗದ ಸುಟ್ಟಿದೆ, ಬಟ್ಟೆ ಉಳಿದಿದೆ. ಬಟ್ಟೆಯನ್ನೇ ನಂಬುತ್ತಾರೆ.

ಆದರೆ ಯುದ್ಧ ಮುಗಿಸಿ ಮನೆಗೆ ಬಂದ ಸಿಪಾಯಿಗಳಿಗೆ ಆಗ ಒಂದು ಬುದ್ಧಿಮಾತು ಹೇಳುತ್ತಿದ್ದರು: ಬಿಡುಗಡೆ ಪತ್ರವನ್ನು ನಿಮ್ಮ ಕೌಂಟಿ ಕಚೇರಿಯಲ್ಲಿ ದಾಖಲು ಮಾಡಿಸಿ, ಕಳೆದುಹೋದರೂ ನಕಲು ಸಿಗುತ್ತದೆ. ನಮ್ಮಲ್ಲಿ ಜಮೀನಿನ ಪತ್ರವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸುತ್ತೇವಲ್ಲ, ಹಾಗೆ. ಸಾರ್ಜೆಂಟ್‌ಗೆ ಇದು ಗೊತ್ತಿತ್ತು. ಮ್ಯೂಸಿಯಂನಿಂದ ಕೌಂಟಿ ಕಚೇರಿಗೆ ನಡೆದರೆ ಹತ್ತು ನಿಮಿಷ. ನಾವು ಸೇಂಟ್ ಲೂಯಿಸ್ ಉತ್ತರಕ್ಕೆ ವಾರಗಟ್ಟಲೆ ಕಾಯುತ್ತಾ ಕೂತಿದ್ದೆವು!

ಅಜ್ಜಿಯನ್ನು ಕರೆದುಕೊಂಡು ಹೋದೆ. ಗುಮಾಸ್ತೆ ಒಂದು ದಪ್ಪ ಪುಸ್ತಕ ತಂದು ಇಟ್ಟಳು. ಒಂದೇ ಹಾಳೆ, ಎರಡೂ ಕಡೆ ಪುಟಾಣಿ ಚೌಕಗಳು. ಅಪ್ಪನ ಹೆಬ್ಬೆಟ್ಟಿನ ಗುರುತು ಮೂಲೆಯಲ್ಲಿ ಮಸುಕಾಗಿ ಕಂಡಿತು. ಅಜ್ಜಿ ಅದರ ಮೇಲೆ ತಮ್ಮ ಹೆಬ್ಬೆರಳು ಇಟ್ಟು ಅಳತೆ ನೋಡಿದರು. ನಾನು ಆ ಕಡೆ ಮುಖ ಮಾಡಿ ಗೋಡೆಯ ಮೇಲಿದ್ದ ನಕ್ಷೆ ಓದಿದೆ.

ಆ ಹಾಳೆ ಏನು ಹೇಳಿತು ಅಂತ ಒಂದೊಂದಾಗಿ ನೋಡೋಣ. ಸಂಘಟನೆ ಅನ್ನುವ ಚೌಕದಲ್ಲಿ ಒಂದು ಲಾರಿ ಕಂಪನಿಯ ಹೆಸರು. ಸೇನೆಗೆ ಸೇರಿದ್ದು 1944ರ ಮಾರ್ಚ್. ಹಡಗು ಹತ್ತಿದ್ದು ಅದೇ ಸೆಪ್ಟೆಂಬರ್. ವಾಪಸ್ಸು ಬಂದದ್ದು 1946ರ ಫೆಬ್ರವರಿ. ಹದಿನೇಳು ತಿಂಗಳು ಹೊರದೇಶ, ಹಾಗಾಗಿ ತೋಳಿನ ಎರಡು ಗೀಟು ಸರಿಯಿತ್ತು. ಅಭಿಯಾನ: ರೈನ್‌ಲ್ಯಾಂಡ್, ಒಂದೇ. ಗಾಯ: ಇಲ್ಲ. ಬಂದೂಕಿನ ಬ್ಯಾಡ್ಜ್: ಇದೆ, ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಅದನ್ನು ಕೊಟ್ಟ ಆದೇಶ ಯಾವ ಕಚೇರಿಯದು ಅಂತ: 112ನೇ ಇನ್‌ಫಂಟ್ರಿ ರೆಜಿಮೆಂಟ್.

ಸೇವಾ ಸಂಖ್ಯೆ 35ರಿಂದ ಶುರುವಾಗುತ್ತಿತ್ತು. ಆಗಿನ ಅಮೆರಿಕದ ಸೇನೆಯಲ್ಲಿ ತಾನಾಗಿ ಬಂದು ಸೇರಿದವನ ಸಂಖ್ಯೆ 1ರಿಂದ, ಕಡ್ಡಾಯ ಕರೆಗೆ ಬಂದವನದು 3ರಿಂದ ಶುರು. ಎರಡನೇ ಅಂಕಿ ಪ್ರದೇಶದ್ದು. 5 ಅಂದರೆ ಓಹಿಯೋ ಮತ್ತು ಅಕ್ಕಪಕ್ಕದ ರಾಜ್ಯಗಳು. ಅಂದರೆ ಪರ್ಲ್ ಹಾರ್ಬರ್ ಮರುದಿನ ಓಡಿ ಹೋಗಿ ಸೇರಿದ ಮಾತೂ ಬಿದ್ದುಹೋಯಿತು. 1943ರ ಅಕ್ಟೋಬರಿನಿಂದ ಮಕ್ಕಳಿರುವ ಗಂಡಸರನ್ನೂ ಕರೆಯತೊಡಗಿದ್ದರು. ಈ ಅಜ್ಜಿ ಆಗ ಒಂದೂವರೆ, ಎರಡು ವರ್ಷದ ಮಗು. ಆ ಕರೆ ಇವರ ಮನೆಗೂ ಬಂದಿತ್ತು.

ಜಾಕೆಟ್ ಇವರದೇ ಅಂತ ಖಾತ್ರಿ ಮಾಡಿಕೊಳ್ಳುವುದೂ ಬಾಕಿ ಇತ್ತು. ಮನೆಯಲ್ಲಿ ಇಬ್ಬರು ಮೂವರು ಅಣ್ಣತಮ್ಮಂದಿರು ಸೇನೆಯಲ್ಲಿದ್ದರೆ ಬಟ್ಟೆ ಅದಲುಬದಲಾಗುವುದು ಸಾಮಾನ್ಯ. ಒಳಗಿನ ಕತ್ತುಪಟ್ಟಿಯಲ್ಲಿ ಕಪ್ಪು ಮಸಿಯ ಒಂದು ಅಕ್ಷರ, ನಾಲ್ಕು ಅಂಕಿ ಇದ್ದವು. ದೋಬಿ ಗುರುತು! ಮನೆತನದ ಹೆಸರಿನ ಮೊದಲ ಅಕ್ಷರ, ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಹಾಳೆಯ ಜೊತೆ ಇಟ್ಟು ನೋಡಿದೆವು. ಹೊಂದಿತು.

ಬಲ ತೋಳಿನ ನೆರಳು

112ನೇ ರೆಜಿಮೆಂಟ್ ಸೇರಿದ್ದು 28ನೇ ಇನ್‌ಫಂಟ್ರಿ ಡಿವಿಷನ್ನಿಗೆ. ಮೂಲದಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ನ್ಯಾಷನಲ್ ಗಾರ್ಡ್ ಡಿವಿಷನ್. ಅದರ ಚಿಹ್ನೆ ಕೆಂಪು ಕೀಸ್ಟೋನ್, ಅಂದರೆ ಕಲ್ಲಿನ ಕಮಾನಿನ ನೆತ್ತಿಯಲ್ಲಿ ಕೂತು ಎರಡೂ ಕಡೆಯ ಭಾರ ಹಿಡಿದುಕೊಳ್ಳುವ ಕಲ್ಲು. ಪೆನ್ಸಿಲ್ವೇನಿಯಾವನ್ನು ಕೀಸ್ಟೋನ್ ರಾಜ್ಯ ಅಂತಲೇ ಕರೆಯುತ್ತಾರೆ. ಮೇಲೆ ಅಗಲ, ಕೆಳಗೆ ಕಿರಿದು, ನೋಡಲು ಬಕೆಟ್ಟಿನ ಹಾಗಿರುತ್ತದೆ. ಆ ಕೆಂಪು ಬಣ್ಣ, ಆ ಆಕಾರ, ಆ ಡಿವಿಷನ್ ಸುರಿಸಿದ ರಕ್ತ ಮೂರೂ ಸೇರಿ 'ರಕ್ತದ ಬಕೆಟ್' ಅಂತ ಅದಕ್ಕೆ ಹೆಸರು ಬಿದ್ದಿತ್ತು.

ಆದರೆ ಜಾಕೆಟ್ಟಿನಲ್ಲಿ ಕೀಸ್ಟೋನ್ ಇರಲಿಲ್ಲ. ಇರಬೇಕಿದ್ದ ಜಾಗ ಬಲ ತೋಳು. ಎಡ ತೋಳಿನಲ್ಲಿ ಈಗಿರುವ ಪಡೆಯ ಪ್ಯಾಚ್, ಬಲ ತೋಳಿನಲ್ಲಿ ಹಿಂದೆ ಯಾವ ಪಡೆಯ ಜೊತೆ ಯುದ್ಧದಲ್ಲಿದ್ದೆಯೋ ಅದರ ಪ್ಯಾಚ್. ಯುದ್ಧದ ಕೊನೆಗೆ ಹೀಗೆ ಹಾಕಿಕೊಳ್ಳಲು ಅವಕಾಶ ಇತ್ತು.

ಒಂದು ಸಂಜೆ ದೀಪ ಆರಿಸಿ, ಟಾರ್ಚನ್ನು ಬಟ್ಟೆಗೆ ಓರೆಯಾಗಿ ಹಿಡಿದು ಬಲ ತೋಳು ನೋಡಿದೆವು. ಭುಜದ ಹೊಲಿಗೆಯಿಂದ ಸ್ವಲ್ಪ ಕೆಳಗೆ ಒಂದು ತುಂಡು ಬಟ್ಟೆ ಉಳಿದದ್ದಕ್ಕಿಂತ ಕಡು ಬಣ್ಣದಲ್ಲಿತ್ತು. ಬಿಸಿಲು ಕಾಣದ ಜಾಗ. ಹಳೆ ಫೋಟೋ ತೆಗೆದ ಮೇಲೆ ಗೋಡೆಯಲ್ಲಿ ಚೌಕ ಉಳಿಯುತ್ತದಲ್ಲ, ಹಾಗೆ. ಮೊದಲು ಗುರಾಣಿ ಆಕಾರ ಅಂದುಕೊಂಡೆ. ಗುರಾಣಿ ಪ್ಯಾಚಿನ ಪಡೆಗಳು ಬೇಕಾದಷ್ಟಿವೆ. ಸಾರ್ಜೆಂಟ್ ಸೂಜಿ ತೂತುಗಳನ್ನು ಹಿಂಬಾಲಿಸಿ ಒಂದು ತೆಳು ಕಾಗದದ ಮೇಲೆ ಚುಕ್ಕೆ ಇಡುತ್ತಾ ಹೋದರು. ನಮ್ಮ ಮನೆ ಮುಂದೆ ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ. ಗೆರೆ ಸೇರಿಸಿದರು. ಮೇಲ್ಭಾಗದಲ್ಲಿ ಎರಡೂ ಪಕ್ಕಕ್ಕೆ ಸಣ್ಣ ಮೆಟ್ಟಿಲು, ಅಲ್ಲಿಂದ ಕೆಳಕ್ಕೆ ಕಿರಿದಾಗುವ ಬದಿಗಳು, ಚಪ್ಪಟೆ ತಳ. ಗುರಾಣಿ ಅಲ್ಲ, ಕೀಸ್ಟೋನ್.

ಇದು ಎರಡನೇ ತಿರುವು. ಕೌಂಟಿಯ ಹಾಳೆ ಒಂದು ಸಾಕ್ಷಿ, ಬಟ್ಟೆಯ ಬಣ್ಣ ಇನ್ನೊಂದು ಸಾಕ್ಷಿ. ಎರಡೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಾತು ಹೇಳಿದ್ದವು.

ಎಂಟು ದಿನ

ಉಳಿದದ್ದನ್ನು ಹೇಳಿದ್ದು 'ಮಾರ್ನಿಂಗ್ ರಿಪೋರ್ಟ್'. ಪ್ರತಿ ಕಂಪನಿಯೂ ದಿನಾ ಬರೆಯಬೇಕಿದ್ದ ಹಾಜರಿ ಪುಸ್ತಕ ಇದು. ಯಾರು ಬಂದರು, ಯಾರು ಹೋದರು, ಯಾರು ಆಸ್ಪತ್ರೆಗೆ, ಯಾರು ಸತ್ತರು. ಪೂರ್ತಿ ಪಟ್ಟಿ ಇರುವುದಿಲ್ಲ, ಬದಲಾವಣೆ ಮಾತ್ರ. ಇವು ಬೆಂಕಿಯಿಂದ ಪಾರಾಗಿವೆ. 112ನೇ ರೆಜಿಮೆಂಟಿನ ಕಂಪನಿಗಳ ಅಕ್ಟೋಬರ್, ನವೆಂಬರ್ ಹಾಳೆಗಳನ್ನು ತರಿಸಿ ಒಂದೊಂದಾಗಿ ಹುಡುಕಿದೆವು. ಚಳಿಗಾಲ ಪೂರ್ತಿ ಇದಕ್ಕೇ ಹೋಯಿತು.

ಅವರು ಸಿಕ್ಕಿದ್ದು ಅಕ್ಟೋಬರ್ ಕೊನೆಯ ಒಂದು ದಿನ. ಕಂಪನಿಗೆ ಹೊಸದಾಗಿ ಬಂದ ಬದಲಿ ಸಿಪಾಯಿಗಳ ಸಾಲಿನಲ್ಲಿ ಒಂದು ಹೆಸರು. ಸತ್ತವರ, ಗಾಯಗೊಂಡವರ ಜಾಗ ತುಂಬಲು ಕಳಿಸುತ್ತಿದ್ದವರು ಇವರು. ಪಕ್ಕದ ಸಿಪಾಯಿಯ ಹೆಸರು ಕಲಿಯುವ ಮೊದಲೇ ಹಲವರು ಹೋಗುತ್ತಿದ್ದರು.

ನವೆಂಬರ್ 2ರಂದು 28ನೇ ಡಿವಿಷನ್ ಜರ್ಮನಿಯ ಆಖೆನ್ ಹತ್ತಿರದ ಹ್ಯೂರ್ಟ್‌ಗೆನ್ ಕಾಡಿಗೆ ನುಗ್ಗಿತು. ಕಮಾಂಡರ್ ಮೇಜರ್ ಜನರಲ್ ನಾರ್ಮನ್ ಕೋಟಾ. ಅದೇ ಜೂನ್‌ನಲ್ಲಿ ನಾರ್ಮಂಡಿಯ ಒಮಾಹಾ ದಂಡೆಯಲ್ಲಿ ಗುಂಡಿನ ಮಳೆಯ ನಡುವೆ ನಡೆದಾಡಿ ಸಿಪಾಯಿಗಳನ್ನು ಎಬ್ಬಿಸಿ ಮುನ್ನಡೆಸಿದ ಅದೇ ಕೋಟಾ. ಅಲ್ಲಿ ಗೆದ್ದವರಿಗೆ ಈ ಕಾಡು ಒಲಿಯಲಿಲ್ಲ. 112ನೇ ರೆಜಿಮೆಂಟ್ ಮರುದಿನವೇ ಶ್ಮಿಟ್ ಅನ್ನುವ ಹಳ್ಳಿ ಹಿಡಿಯಿತು, ಅದರ ಮರುದಿನ ಜರ್ಮನ್ ಟ್ಯಾಂಕುಗಳು ಬಂದು ಓಡಿಸಿದವು. ಹಿಂದೆ ಕಾಲ್ ಹೊಳೆಯ ಕಣಿವೆ. ಅದಕ್ಕೆ ಒಂದೇ ಒಂದು ಕಿರುದಾರಿ, ಟ್ಯಾಂಕ್ ಹೋದರೆ ಅಂಚು ಕುಸಿಯುವಷ್ಟು ಕಿರಿದು. ಶೆಲ್ಲುಗಳು ಮರದ ತುದಿಗೆ ತಾಗಿ ಸಿಡಿದು ಕಬ್ಬಿಣವೂ ಕಟ್ಟಿಗೆಯೂ ಮೇಲಿಂದ ಸುರಿಯುತ್ತಿದ್ದವು. ನೆಲಕ್ಕೆ ಅಂಟಿ ಮಲಗಿದರೂ ರಕ್ಷಣೆ ಇಲ್ಲ. ಎರಡು ವಾರದಲ್ಲಿ ಡಿವಿಷನ್ ಕಳೆದುಕೊಂಡದ್ದು ಆರು ಸಾವಿರಕ್ಕೂ ಹೆಚ್ಚು ಜನ. ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು, ಚಳಿಗೆ ಕುಸಿದವರು ಎಲ್ಲ ಸೇರಿ.

ನಮ್ಮವರು ಆ ಕೊನೆಯ ಗುಂಪಿನಲ್ಲಿದ್ದರು. ನವೆಂಬರ್ ಎರಡನೇ ವಾರದ ಹಾಳೆಯಲ್ಲಿ ಅವರ ಹೆಸರಿನ ಮುಂದೆ ಆಸ್ಪತ್ರೆಗೆ ಅಂತಿದೆ, ಕಾದಾಟದ ಗಾಯ ಅಲ್ಲ ಅಂತ ಗುರುತು. ಮನೆಯವರಿಗೆ ಅಪ್ಪನ ಕಾಲಿನ ಸಮಸ್ಯೆ ಗೊತ್ತಿತ್ತು. ಎರಡು ಬೆರಳು ಸ್ಪರ್ಶ ಇಲ್ಲದ ಹಾಗಿದ್ದವು, ಬೇಸಿಗೆಯಲ್ಲೂ ಉಣ್ಣೆಯ ಕಾಲುಚೀಲ. ದಿನಗಟ್ಟಲೆ ತಣ್ಣೀರು ತುಂಬಿದ ಗುಂಡಿಯಲ್ಲಿ ನಿಂತರೆ ಕಾಲು ಕೊಳೆಯುವ 'ಟ್ರೆಂಚ್ ಫುಟ್' ಅದು. ಆ ಚಳಿಗಾಲ ಯೂರೋಪಿನಲ್ಲಿ ಹತ್ತಾರು ಸಾವಿರ ಅಮೆರಿಕನ್ನರನ್ನು ಅದು ಮಲಗಿಸಿತು. ಹಾಗಾದವರನ್ನು ಮತ್ತೆ ಕಾಲಾಳು ಪಡೆಗೆ ಕಳಿಸುತ್ತಿದ್ದದ್ದು ಕಡಿಮೆ. ಇವರಿಗೆ ಲಾರಿಯ ಸ್ಟಿಯರಿಂಗ್ ಕೊಟ್ಟರು.

ಈಗ ಪ್ಯಾಟನ್ ವಿಷಯ. 1944ರ ನವೆಂಬರ್‌ನಲ್ಲಿ 28ನೇ ಡಿವಿಷನ್ ಇದ್ದದ್ದು ಜನರಲ್ ಹಾಡ್ಜಸ್ ಅವರ ಮೊದಲನೇ ಸೇನೆಯಲ್ಲಿ. ಪ್ಯಾಟನ್ ಆಗ ದಕ್ಷಿಣದಲ್ಲಿ, ಫ್ರಾನ್ಸಿನ ಮೆಟ್ಸ್ ಕೋಟೆಯ ಮುಂದೆ ಕೆಸರಿನಲ್ಲಿದ್ದರು. ಹಾಗಾದರೆ ಮೂರನೇ ಸೇನೆಯ ಪ್ಯಾಚ್?

ಮೇ 1945ಕ್ಕೆ ಯೂರೋಪಿನ ಯುದ್ಧ ಮುಗಿಯಿತು. ಮನೆಗೆ ಯಾರು ಮೊದಲು ಹೋಗಬೇಕು ಅನ್ನುವುದಕ್ಕೆ ಅಂಕಗಳ ಲೆಕ್ಕ ಇತ್ತು. ಸೇವೆಯ ತಿಂಗಳಿಗೆ ಒಂದು, ಹೊರದೇಶದ ತಿಂಗಳಿಗೆ ಇನ್ನೊಂದು, ಅಭಿಯಾನದ ನಕ್ಷತ್ರಕ್ಕೆ ಐದು, ಮಗುವಿಗೆ ಹನ್ನೆರಡು. 85 ಬೇಕು. ಇವರದು 14, 8, 5, 12. ಒಟ್ಟು 39. ಮನೆ ದೂರ ಇತ್ತು. ಅಂಕ ಜಾಸ್ತಿ ಇದ್ದವರು ಊರಿಗೆ ಹೊರಟರು, ಕಡಿಮೆ ಇದ್ದವರು ಜರ್ಮನಿ ಕಾಯಲು ಉಳಿದರು. ಈ ಲೆಕ್ಕಕ್ಕಾಗಿ ಜನರನ್ನು ಒಂದು ಪಡೆಯಿಂದ ಇನ್ನೊಂದಕ್ಕೆ ಇಸ್ಪೀಟು ಕಲೆಸಿದ ಹಾಗೆ ಕಲೆಸಿದರು. ಹಡಗಿನಿಂದ ಇಳಿಯುವಾಗ ತೋಳಿನ ಮೇಲಿದ್ದ ಪ್ಯಾಚ್ ಎಷ್ಟೋ ಜನರ ವಿಷಯದಲ್ಲಿ ಅವರು ಹೋರಾಡಿದ ಪಡೆಯದಲ್ಲ, ಕೊನೆಗೆ ಸಂಬಳ ಎಣಿಸಿಕೊಂಡ ಪಡೆಯದು.

ನಮ್ಮವರು ಮೂರನೇ ಸೇನೆಗೆ ಸೇರಿದ ಲಾರಿ ಕಂಪನಿಗೆ ಹಾಜರಾದದ್ದು ಬವೇರಿಯಾದಲ್ಲಿ, 1945ರ ಅಕ್ಟೋಬರ್ 15ಕ್ಕೆ. ನಾಜಿಗಳ ಬಗ್ಗೆ ಆಡಿದ ಮಾತಿನಿಂದ ಐಸೆನ್‌ಹೋವರ್ ಸಿಟ್ಟಿಗೆ ಗುರಿಯಾಗಿದ್ದ ಪ್ಯಾಟನ್, ಮೂರನೇ ಸೇನೆಯನ್ನು ಜನರಲ್ ಲೂಸಿಯನ್ ಟ್ರಸ್ಕಾಟ್ ಅವರಿಗೆ ಒಪ್ಪಿಸಿ ಹೊರಟದ್ದು ಅಕ್ಟೋಬರ್ 7ಕ್ಕೆ.

ಎಂಟು ದಿನ. ನಾನು ಎರಡು ಸಲ ಎಣಿಸಿದೆ. ಯಾಕೋ ನನಗೇ ಬೇಜಾರಾಯಿತು.

ಹೇಳುವುದು ಹೇಗೆ

ಮುಂದಿನ ಶನಿವಾರ ನಾವಿಬ್ಬರೂ ಕೂತು ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅಂತ ಯೋಚಿಸಿದೆವು. ಕಡ್ಡಾಯ ಕರೆಯ ವಿಷಯವನ್ನು ನಾವಾಗಿ ಎತ್ತುವುದು ಬೇಡ, ಕೇಳಿದರೆ ಮುಚ್ಚಿಡುವುದೂ ಬೇಡ ಅಂತ ತೀರ್ಮಾನವಾಯಿತು. ಚೀಟಿಯಲ್ಲಿ ಆ ವಾಕ್ಯಕ್ಕೆ ಜಾಗವೇ ಇರಲಿಲ್ಲ, ಹಾಗಾಗಿ ಅದು ಸುಲಭ. ಪ್ಯಾಟನ್ ಮತ್ತು ಪದಕದ ವಿಷಯ ಮಾತ್ರ ನೇರವಾಗಿ ಹೇಳಲೇಬೇಕಿತ್ತು. ಹಾಗಂತ "ಇದು ಸುಳ್ಳು" ಅಂತ ಶುರುಮಾಡುವುದಲ್ಲ, ಕಾಡಿನಿಂದ ಶುರುಮಾಡೋಣ ಅಂದರು ಸಾರ್ಜೆಂಟ್. ಅವರ ಮಾತು ಸರಿಯಿತ್ತು.

ಅಜ್ಜಿಗೆ ಹಾಳೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ತೋರಿಸಿದೆವು. ಕೀಸ್ಟೋನ್ ಬರೆದ ತೆಳು ಕಾಗದವನ್ನು ಬಲ ತೋಳಿನ ಮೇಲಿಟ್ಟೆ. ಅವರು ಸುಮ್ಮನೆ ನೋಡಿದರು. ಆಮೇಲೆ, "ಇದು ನಮ್ಮ ಮನೆಯಲ್ಲಿದೆ. ಗುಂಡಿಗಳ ಡಬ್ಬದಲ್ಲಿ" ಅಂದರು.

ಹದಿನೈದು ದಿನದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ ಬಂತು. ಬಣ್ಣಬಣ್ಣದ ಗುಂಡಿ, ತುಕ್ಕು ಹಿಡಿದ ಸೇಫ್ಟಿ ಪಿನ್ನುಗಳ ನಡುವೆ ಕೆಂಪು ಬಕೆಟ್. ಅಂಚಿನಲ್ಲಿ ಮೂರ್ನಾಲ್ಕು ಕಡೆ ಕಂದು ದಾರದ ಚೂರು ಇನ್ನೂ ನೇತಾಡುತ್ತಿತ್ತು. ಕತ್ತರಿಯಿಂದ ಅಲ್ಲ, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದ ಗುರುತು. "ಅಪ್ಪನೇ ತೆಗೆದದ್ದು ಅಂತ ಅಮ್ಮ ಹೇಳಿದ್ದಳು. ಯಾಕೆ ಅಂತ ನಾವು ಕೇಳಲಿಲ್ಲ" ಅಂದರು ಅಜ್ಜಿ. ಚಿಕ್ಕವರಿದ್ದಾಗ ಅದನ್ನು ಗೊಂಬೆಯ ಎಪ್ರನ್ ಮಾಡಿಕೊಂಡು ಆಡಿದ್ದರಂತೆ.

ಮತ್ತೆ ಹೊಲಿಯಬೇಕೇ ಅಂತ ಚರ್ಚೆಯಾಯಿತು. ಮೊಮ್ಮಗನಿಗೆ ಹೊಲಿಯಬೇಕು ಅಂತ ಆಸೆ. ಸಾರ್ಜೆಂಟ್ ಬೇಡ ಅಂದರು. ಹಾಕಿಕೊಂಡವರೂ ಅವರೇ, ತೆಗೆದವರೂ ಅವರೇ, ನಾವ್ಯಾರು? ಪ್ಯಾಚನ್ನು ಜಾಕೆಟ್ಟಿನ ಪಕ್ಕದಲ್ಲಿ ಬೇರೆಯಾಗಿ ಇಟ್ಟೆವು. ಬಲ ತೋಳಿನ ಕಡು ಬಣ್ಣದ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ದೀಪ ತಿರುಗಿಸಿದೆವು.

ನಾವು ಬದಲಿಸಿಕೊಂಡದ್ದು

ಇದಾದ ಮೇಲೆ ಮ್ಯೂಸಿಯಂಗೆ ಯಾವ ಜಾಕೆಟ್ ಬಂದರೂ ಮೊದಲು ಕೌಂಟಿ ಕಚೇರಿಗೆ ಹೋಗುತ್ತೇವೆ, ಆಮೇಲೆ ಸೇಂಟ್ ಲೂಯಿಸ್. ಚೀಟಿ ಬರೆಯುವುದು ಕೊನೆಗೆ. ಎಡ ತೋಳನ್ನು ನೋಡಿ ಕಮಾಂಡರ್ ಹೆಸರು ಹೇಳುವುದನ್ನು ಪೂರ್ತಿ ಬಿಟ್ಟಿದ್ದೇವೆ. ಪಡೆಯ ಹೆಸರಿಗೆ ಒಂದು ದಿನಾಂಕ, ಕಮಾಂಡರ್ ಹೆಸರಿಗೆ ಇನ್ನೊಂದು ದಿನಾಂಕ, ಸಿಪಾಯಿಯ ಹೆಸರಿಗೆ ಮತ್ತೊಂದು. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಅವು ಒಂದರ ಮೇಲೊಂದು ಕೂರುತ್ತವೆಯೇ ಅಂತ ನೋಡುತ್ತೇವೆ. ಪ್ಯಾಚ್ ಅನ್ನುವುದೇ ಸುಳ್ಳು ಹೇಳಿದ ಉದಾಹರಣೆಯೂ ಇದೆ. ಅದೇ ಯುದ್ಧದಲ್ಲಿ ಸುಮಾರು 1,100 ಜನರ ಒಂದು ಗುಪ್ತ ಪಡೆ ಇತ್ತು. ಗಾಳಿ ತುಂಬಿದ ರಬ್ಬರ್ ಟ್ಯಾಂಕು, ಧ್ವನಿವರ್ಧಕದ ಸದ್ದು ಇವುಗಳ ಜೊತೆ ಬೇರೆ ಡಿವಿಷನ್ನುಗಳ ಪ್ಯಾಚ್ ಹೊಲಿದುಕೊಂಡು ಜರ್ಮನ್ನರನ್ನು ಯಾಮಾರಿಸುವುದೇ ಅವರ ಕೆಲಸ. ಅವರ ಜಾಕೆಟ್ ನಮ್ಮ ಕೈಗೆ ಸಿಕ್ಕಿದ್ದರೆ ದೇವರೇ ಗತಿ.

ಮನೆಯ ಕಥೆಯನ್ನು ಈಗ ನಾನು ತಳ್ಳಿಹಾಕುವುದೂ ಇಲ್ಲ. ಮೊದಲ ದಿನವೇ ಬರೆದಿಟ್ಟುಕೊಳ್ಳುತ್ತೇನೆ, ಲಾರಿಯಂಥ ಬೇಡವಾದ ವಿವರವನ್ನೂ ಸೇರಿಸಿ. ಈ ಪ್ರಕರಣದಲ್ಲಿ ಬೀಗ ತೆಗೆದದ್ದು ಪ್ಯಾಟನ್ ಅಲ್ಲ, ಆ ಲಾರಿ.

ಕೊನೆಯದಾಗಿ ಪದಕ. ಹಾಳೆಗಳನ್ನು ಹುಡುಕುವಾಗ ಸಾರ್ಜೆಂಟ್‌ಗೆ ಒಂದು ಹಳೆ ನಿಯಮ ನೆನಪಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಆ ಬಂದೂಕಿನ ಬ್ಯಾಡ್ಜ್ ಗಳಿಸಿದ ಪ್ರತಿ ಕಾಲಾಳುವಿಗೂ ಬ್ರಾಂಜ್ ಸ್ಟಾರ್ ಪದಕ ಕೊಡಬಹುದು ಅಂತ 1947ರಲ್ಲಿ ಸೇನೆ ತೀರ್ಮಾನಿಸಿತ್ತು. ಆದರೆ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಮುತ್ತಾತ ಹಾಕಿರಲಿಲ್ಲ. ಕೌಂಟಿಯ ಹಾಳೆಯ ನಕಲು ಸೇರಿಸಿ ಅಜ್ಜಿಯ ಹೆಸರಿನಲ್ಲಿ ಅರ್ಜಿ ಕಳಿಸಿದೆವು. ವರ್ಷ ತುಂಬುತ್ತಾ ಬಂದಾಗ ಸಾಮಾನ್ಯ ಅಂಚೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಬಂತು. ಕೆಂಪು ರಿಬ್ಬನ್, ನಡುವೆ ನೀಲಿ ಗೀಟು.

ಅಜ್ಜಿ ಅದನ್ನು ಅಂಗೈಯಲ್ಲಿಟ್ಟು ತೂಕ ನೋಡಿದರು. ಟ್ರಸ್ಕಾಟ್ ಅಂದರೆ ಯಾರು, ನೋಡೋಕೆ ಹೇಗಿದ್ದ ಅಂತ ಮೂರನೇ ಸಲ ಕೇಳಿದರು. ಮೊಮ್ಮಗ ನನ್ನ ಕಡೆ ತಿರುಗಿದ.

"ಬ್ರಾಂಜ್ ಸ್ಟಾರ್ ಅಂತ ನಾನು ಮೊದಲ ದಿನವೇ ಹೇಳಿರಲಿಲ್ವಾ?"